ತೋಪಿಗೆ ನೂರೈವತ್ತು ರೂಪಾಯಿ

ವಿಜಯಪುರಕ್ಕೆ ಹೋದವರು ಮಲಿಕ್-ಎ-ಮೈದಾನ ತೋಪಿನ ಮುಂದೆ ಫೋಟೋ ತೆಗೆಸಿಕೊಳ್ಳದೆ ಬರೋದಿಲ್ಲ. ಸುಮಾರು 55 ಟನ್ ತೂಕ, 14 ಅಡಿಗಿಂತ ಹೆಚ್ಚು ಉದ್ದ. ಇದನ್ನು 1549ರಲ್ಲಿ ಎರಕ ಹೊಯ್ದದ್ದು ಅಹಮದ್‌ನಗರದಲ್ಲಿ. ಹೊಯ್ದವನ ಹೆಸರಿನ ಕೊನೆಗೆ 'ರೂಮಿ' ಅಂತಿದೆ, ಅಂದರೆ ತುರ್ಕರ ಸೀಮೆಯ ಮನುಷ್ಯ. ದಖನ್ನಿನ ಸುಲ್ತಾನರ ಹತ್ತಿರ ರೊಕ್ಕ ಇತ್ತು, ದಂಡು ಇತ್ತು. ಇಷ್ಟು ದೊಡ್ಡ ಎರಕ ಹೊಯ್ಯೋ ಕೈ ಮಾತ್ರ ಹೊರಗಿನಿಂದ ಬಂತು. ಆಮೇಲೆ 1632ರಲ್ಲಿ ತೋಪು ಪರಾಂಡಾ ಕೋಟೆಯಿಂದ ವಿಜಯಪುರಕ್ಕೆ ಬಂತು.

1854ರಲ್ಲಿ ಬ್ರಿಟಿಷರು ಅದನ್ನು ಹರಾಜಿಗಿಟ್ಟರು. ಬಂದ ಅತಿ ದೊಡ್ಡ ಸವಾಲು 150 ರೂಪಾಯಿ! ಅಷ್ಟಕ್ಕೆ ಕೊಡಲು ಸರ್ಕಾರಕ್ಕೂ ಮನಸ್ಸಾಗದೆ ಹರಾಜು ರದ್ದಾಯಿತು ಅನ್ನೋದು ನಮ್ಮ ಪುಣ್ಯ.

ಅದೇ 1854ರಲ್ಲಿ ಪುಣೆಯಲ್ಲಿ ಒಂದು ಎಂಜಿನಿಯರಿಂಗ್ ತರಗತಿ ಶುರುವಾಯಿತು. ಹಿಂದಿನ ವರ್ಷವಷ್ಟೇ ಮುಂಬೈ-ಠಾಣೆ ರೈಲು ಓಡಿತ್ತು. ರಸ್ತೆ, ಸೇತುವೆ, ಕಾಲುವೆ, ಕಟ್ಟಡ ಎಲ್ಲಕ್ಕೂ ಅಳತೆ ಹಿಡಿಯುವವರು, ಮೇಲ್ವಿಚಾರಣೆ ನೋಡುವವರು ಬೇಕಿತ್ತು. ಸರ್ಕಾರಕ್ಕೆ ಬೇಕಿದ್ದದ್ದು ಕೈಕೆಳಗಿನ ನೌಕರರು, ಹಾಗಾಗಿ ಶಾಲೆಯೂ ಅವರನ್ನು ತಯಾರು ಮಾಡಲಿಕ್ಕೇ ಹುಟ್ಟಿತು. ನಮ್ಮ ದೇಶದ ತಾಂತ್ರಿಕ ಶಿಕ್ಷಣದ ಜಾತಕ ಓದೋವಾಗ ಈ ಮಾತು ನೆನಪಿರಲಿ.

ಈ ಶಾಲೆಯೇ ಮುಂದೆ ಕಾಲೇಜಾಯಿತು. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಹಿಡಿದುಕೊಂಡು ಓದಲು ಹೋದದ್ದು ಇಲ್ಲಿಗೇ. ಮೈಸೂರಿನಲ್ಲಿ ಆಗ ಎಂಜಿನಿಯರಿಂಗ್ ಕಾಲೇಜೇ ಇರಲಿಲ್ಲವಲ್ಲ. 1883ರಲ್ಲಿ ಪರೀಕ್ಷೆ ಮುಗಿಸಿ ಮುಂಬೈ ಸರ್ಕಾರದ ನೌಕರಿ ಸೇರಿದರು. ಓದಿಸಿದ್ದು ಮೈಸೂರು, ದುಡಿಸಿಕೊಂಡದ್ದು ಮುಂಬೈ. ಇವತ್ತು ಬೆಂಗಳೂರಿನಿಂದ ಅಮೆರಿಕಕ್ಕೆ ಹೋಗೋ ಹುಡುಗರ ಬಗ್ಗೆ ಗೊಣಗುವವರಿಗೆ ಇದು ಹಳೇ ಕತೆ ಅಂತ ಗೊತ್ತಿರಲಿ. ದಿವಾನರಾದ ಮೇಲೆ ಅವರು ಆ ಕೊರತೆ ನೀಗಿಸಲು ಹೊರಟರು. 1913ರಲ್ಲಿ ಬೆಂಗಳೂರಿಗೆ ಮೆಕ್ಯಾನಿಕಲ್ ಶಾಲೆ ಬಂತು, 1917ರಲ್ಲಿ ಎಂಜಿನಿಯರಿಂಗ್ ಕಾಲೇಜು.

ನಮ್ಮ ತಾಂಬಾ ಮೈಸೂರಿನಲ್ಲಿರಲಿಲ್ಲ. 1956ರ ತನಕ ಮುಂಬೈ ಪ್ರಾಂತದ ವಿಜಾಪುರ ಜಿಲ್ಲೆ. ಹುಬ್ಬಳ್ಳಿಯಲ್ಲಿ ಬಿ.ವಿ.ಬಿ. ಕಾಲೇಜು ಆದದ್ದು 1947ರಲ್ಲಿ, ವಿಜಯಪುರದಲ್ಲಿ ಬಿ.ಎಲ್.ಡಿ.ಇ. ಎಂಜಿನಿಯರಿಂಗ್ ಕಾಲೇಜು ಆದದ್ದು 1980ರಲ್ಲಿ. ಪುಣೆಯ ಆ ತರಗತಿಯಿಂದ ಲೆಕ್ಕ ಹಾಕಿದರೆ ವಿಜಯಪುರ ಊರಿಗೆ ಬರಲು 126 ವರ್ಷ ಹಿಡಿಯಿತು.

ದೇಶಕ್ಕೆಲ್ಲ ನುರಿತ ಕೆಲಸಗಾರರ ಬರ ಬಿದ್ದದ್ದು ಎರಡನೇ ಮಹಾಯುದ್ಧದಲ್ಲಿ. ಫಿಟ್ಟರ್, ಟರ್ನರ್‌ಗಳನ್ನು ಯುದ್ಧದ ಕಾರ್ಖಾನೆಗಳಿಗೆ ಹಚ್ಚಲು 1940ರಲ್ಲಿ ಸುಗ್ರೀವಾಜ್ಞೆಯನ್ನೇ ತಂದರು. ತರಬೇತಿ ಕೇಂದ್ರಗಳು ಎದ್ದವು. ಬ್ರಿಟನ್ನಿನ ಕಾರ್ಮಿಕ ಮಂತ್ರಿ ಬೆವಿನ್ ಹೆಸರಿನ ಯೋಜನೆಯಲ್ಲಿ ನಮ್ಮ ಹುಡುಗರು ಅಲ್ಲಿಗೆ ಹೋಗಿ ಲೇತ್ ಹಿಡಿದು ಬಂದರು. ಅದೇ ವರ್ಷ ಡಿಸೆಂಬರಿನಲ್ಲಿ ಬೆಂಗಳೂರಲ್ಲಿ ವಿಮಾನ ಕಾರ್ಖಾನೆ ಶುರುವಾಯಿತು, ಮುಂದೆ ಎಚ್‌ಎಎಲ್ ಆದದ್ದು ಅದೇ. 1943ರಲ್ಲಿ ಬೆಂಗಳೂರಿನ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಬಂತು, ಅದರ ಹಿಂದೆಯೂ ವಿಶ್ವೇಶ್ವರಯ್ಯನವರೇ. 1950ರಲ್ಲಿ ಕುಶಲಕರ್ಮಿ ತರಬೇತಿ ಯೋಜನೆ, ಅದರಿಂದ ಐಟಿಐಗಳು. 1961ರಲ್ಲಿ ಅಪ್ರೆಂಟಿಸ್ ಕಾಯ್ದೆ.

ಇದನ್ನೆಲ್ಲ ಓದುತ್ತಾ ನನಗೆ ಒಂದು ಸಂಗತಿ ಚುಚ್ಚುತ್ತದೆ. ರೈಲಿಗೆ, ಯುದ್ಧಕ್ಕೆ, ಕಾರ್ಖಾನೆಗೆ ಕೈ ಸಾಲದಾದಾಗ ಮಾತ್ರ ಅದು 'ಕೊರತೆ' ಅನ್ನಿಸಿಕೊಂಡಿತು. ನಮ್ಮ ಕಡೆ ಊರಿಗೊಬ್ಬ ಕಂಬಾರ, ಒಬ್ಬ ಬಡಿಗ್ಯಾರ ಇರ್ತಿದ್ರು. ಮೂರು ತಾಳಿನ ಕೂರಿಗಿಯ ತಾಳುಗಳ ನಡುವಿನ ಅಂತರ ಯಾವ ಬೆಳೆಗೆ ಎಷ್ಟು ಅಂತ ಕಣ್ಣಳತೆಯಲ್ಲೇ ಹೇಳುವವರು. ಕುಂಟಿಯ ಕುಡ ಎಷ್ಟು ಕಾಸಿ ಯಾವಾಗ ನೀರಿಗೆ ಅದ್ದಬೇಕು ಅನ್ನೋದು ಕಬ್ಬಿಣದ ಬಣ್ಣ ನೋಡಿ ತಿಳೀತಿತ್ತು. ಸುಗ್ಗಿಯಲ್ಲಿ ಕಣಕ್ಕೆ ಬಂದು ಆಯ ತಗೊಂಡು ಹೋಗ್ತಿದ್ರು. ಇದನ್ನು ಬಹುಕಾಲ ಕೌಶಲ ಅಂತ ಎಣಿಸಲಿಲ್ಲ, ಜಾತಿ ಕಸುಬು ಅಂತ ಬದಿಗಿಟ್ಟರು. ಅವರ ಮಕ್ಕಳೂ ಬಿಟ್ಟರು. ಬಿಟ್ಟದ್ದು ತಪ್ಪು ಅಂತ ನಾನು ಹೇಳಲಾರೆ, ಬಿ.ಇ. ಮಾಡಿ ಊರು ಬಿಟ್ಟವನು ನಾನೂ ಹೌದಲ್ಲ. ನಮ್ಮಲ್ಲಿ ಹೆಣ್ಣು ನೋಡೋ ಹೊತ್ತಿಗೆ 'ಹುಡುಗ ಬಿ.ಇ.' ಅಂದ್ರ ಕುರ್ಚಿ ಹಾಕ್ತಾರ, 'ಐಟಿಐ' ಅಂದ್ರ 'ಮತ್ತ ಹೊಲ ಎಷ್ಟದ?' ಅಂತ ಕೇಳ್ತಾರ.

2009ರ ಕೌಶಲ ನೀತಿ 2022ರೊಳಗೆ 50 ಕೋಟಿ ಜನರಿಗೆ ಕೌಶಲ ಕಲಿಸುತ್ತೇವೆ ಅಂತು. 2015ರ ಸ್ಕಿಲ್ ಇಂಡಿಯಾ ಅದೇ 2022ಕ್ಕೆ 40 ಕೋಟಿ ಅಂತು. ಅದರಲ್ಲಿ ನನಗೆ ಮೆಚ್ಚಿಗೆಯಾದದ್ದು ಒಂದೇ: ಕೆಲಸ ಮಾಡುತ್ತಲೇ ಕಲಿತವರನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡೋ ವ್ಯವಸ್ಥೆ. ನಮ್ಮ ಜಿಲ್ಲೆಯಿಂದ ಗೋವಾಕ್ಕೆ, ಮಹಾರಾಷ್ಟ್ರಕ್ಕೆ ಗುಳೆ ಹೋದವರು ಹತ್ತಾರು ವರ್ಷ ಸೆಂಟ್ರಿಂಗ್ ಮಾಡಿ, ಸರಳು ಕಟ್ಟಿ ಪಳಗಿರ್ತಾರೆ. ಕಾಗದ ಇಲ್ಲ ಅನ್ನೋ ಕಾರಣಕ್ಕೆ ಮುಕಾದಮನ ಪುಸ್ತಕದಲ್ಲಿ ಅವರು ಬರೀ ಕೂಲಿ. ಆ ಕಾಗದ ಅವರ ಪಗಾರ ಹೆಚ್ಚಿಸಬೇಕು, ಇಲ್ಲದಿದ್ದರೆ ಗೋಡೆಗೆ ಹಾಕೋ ಫೋಟೋ ಅಷ್ಟೇ.

ಊರಲ್ಲಿ ಈಗ ಕೂರಿಗಿ ಟ್ರ್ಯಾಕ್ಟರಿನ ಹಿಂದೆ ಬರ್ತದೆ. ತಾಳು ಮುರಿದರೆ ಇಂಡಿಗೆ ಒಯ್ದು ವೆಲ್ಡಿಂಗ್ ಅಂಗಡಿಯ ಮುಂದೆ ಪಾಳಿ ಹಚ್ಚಬೇಕು. ಹಿಂಗಾರಿ ಬಿತ್ತಿಗೆ ದಿನ ಅಲ್ಲಿ ನಿಂತವರು ಗಳಿಗೆಗೊಮ್ಮೆ ಮುಗಿಲು ನೋಡ್ತಾರೆ. ಎರಿ ಹೊಲದ ಹಸಿ ಆರಿದರೆ ಬಿಳಿಜೋಳ ನಾಟೋದಿಲ್ಲ.