ಗಾಮಾ ಪೈಲವಾನನೂ ಆಶ್ರಯದ ಮೂರು ನೆಲೆಗಳೂ

ಮಲ್ಲವಿದ್ಯೆಗೂ ರಾಜಾಶ್ರಯಕ್ಕೂ ಇರುವ ನಂಟು ನಮ್ಮ ದೇಶದಲ್ಲಿ ಬಹು ಪ್ರಾಚೀನವಾದುದು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದವು ಅರಸನ ವಿನೋದಗಳಲ್ಲೊಂದಾಗಿ ವರ್ಣಿತವಾಗಿದೆ. ಈ ದೀರ್ಘ ಪರಂಪರೆಯ ಕೊನೆಯ ಘಟ್ಟವನ್ನು ಅರಿಯುವುದಕ್ಕೆ, ಗಾಮಾ ಎಂದು ಪ್ರಸಿದ್ಧನಾದ ಗುಲಾಮ್ ಮಹಮ್ಮದ್ ಬಕ್ಷನ (1878–1960) ಜೀವನವು ಉತ್ತಮ ನಿದರ್ಶನವಾಗಿದೆ. ಆತನನ್ನು ಕುರಿತ ಜನಪ್ರಿಯ ಬರಹಗಳು ಸಾಮಾನ್ಯವಾಗಿ ದಿನವೊಂದಕ್ಕೆ ಆತನು ಹೊಡೆಯುತ್ತಿದ್ದ ದಂಡ ಬಸ್ಕಿಗಳನ್ನೂ ಸೇವಿಸುತ್ತಿದ್ದ ಹಾಲು ಬಾದಾಮಿಗಳನ್ನೂ ಎಣಿಸುವುದರಲ್ಲಿಯೇ ಮುಗಿಯುತ್ತವೆ. ಆದರೆ ಆ ಹಾಲು ಬಾದಾಮಿಗಳ ವೆಚ್ಚವನ್ನು ಹೊತ್ತವರಾರು ಎಂಬುದೇ ಚರಿತ್ರಕಾರನು ಕೇಳಬೇಕಾದ ಪ್ರಶ್ನೆ.

ಮೊದಲ ನೆಲೆ ಅರಮನೆ. ಕುಸ್ತಿಯ ಮನೆತನದಲ್ಲಿ ಜನಿಸಿ, ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡ ಗಾಮಾನು ಬಂಧುಗಳ ಪೋಷಣೆಯಲ್ಲಿ ಬೆಳೆದನು. 1888ರಲ್ಲಿ ಜೋಧಪುರದ ಮಹಾರಾಜ ಜಸವಂತಸಿಂಹನು ಏರ್ಪಡಿಸಿದ್ದ ವ್ಯಾಯಾಮ ಸ್ಪರ್ಧೆಯಲ್ಲಿ ನೂರಾರು ಮಂದಿ ಜಟ್ಟಿಗಳ ನಡುವೆ ಕೊನೆಯವರೆಗೂ ಉಳಿದ ಕೆಲವರಲ್ಲಿ ಈ ಹತ್ತು ವರ್ಷದ ಬಾಲಕನೂ ಒಬ್ಬನಾಗಿದ್ದನು. ತರುವಾಯ ದತಿಯಾ ಸಂಸ್ಥಾನದ ಆಶ್ರಯ ಆತನಿಗೆ ದೊರೆಯಿತು.

ಎರಡನೆಯ ನೆಲೆ ಲಂಡನ್ನಿನದು. 1910ರಲ್ಲಿ ತಮ್ಮ ಇಮಾಮ್ ಬಕ್ಷನೊಡನೆ ಅಲ್ಲಿಗೆ ತೆರಳಿದ ಗಾಮಾನು ಮೊದಲು ಅಮೆರಿಕದ ರೋಲರನನ್ನು ಸೋಲಿಸಿದನು. ಅಲ್ಲಿ ಪೋಷಕನಾಗಿದ್ದವನು ಅರಸನಲ್ಲ. ‘ಜಾನ್ ಬುಲ್’ ಎಂಬ ವಾರಪತ್ರಿಕೆ ಮತ್ತು ಟಿಕೆಟು ಕೊಂಡು ಬಂದ ಜನಸಮೂಹ. ಸೆಪ್ಟೆಂಬರ್ 10ರಂದು ಪೋಲೆಂಡಿನ ಝ್ಬಿಸ್ಕೋ, ತಾನು ಹೆಚ್ಚು ತೂಕದವನಾಗಿದ್ದರೂ, ಎರಡೂವರೆ ಗಂಟೆಗೂ ಮಿಕ್ಕಿ ನಡೆದ ಕುಸ್ತಿಯ ಬಹುಭಾಗವನ್ನು ನೆಲಕ್ಕೆ ಕಚ್ಚಿಕೊಂಡೇ ಕಳೆದನು, ಪಂದ್ಯ ಇತ್ಯರ್ಥವಾಗಲಿಲ್ಲ. 17ರಂದು ಗೊತ್ತಾಗಿದ್ದ ಮರುಪಂದ್ಯಕ್ಕೆ ಆತನು ಬಾರದಿದ್ದುದರಿಂದ ಪದಕಪಟ್ಟಿ ಗಾಮಾನಿಗೆ ಸಂದಿತು. ವಸಾಹತಿನ ಪ್ರಜೆಯೊಬ್ಬನು ಸಾಮ್ರಾಜ್ಯದ ರಾಜಧಾನಿಯಲ್ಲಿಯೇ ಪಡೆದ ಈ ಗೌರವವು ಸ್ವದೇಶೀ ಚಳವಳಿಯ ಕಾಲದ ಭಾರತೀಯರಿಗೆ ಕೇವಲ ಕ್ರೀಡಾವಾರ್ತೆಯಾಗಿರಲಿಲ್ಲ. ಸ್ವದೇಶಕ್ಕೆ ಮರಳಿದ ಬಳಿಕ ಅಲಹಾಬಾದಿನಲ್ಲಿ ರಹೀಮ್ ಬಕ್ಷ ಸುಲ್ತಾನಿವಾಲಾನನ್ನು ಗೆದ್ದು ‘ರುಸ್ತುಮ್-ಎ-ಹಿಂದ್’ ಎನಿಸಿದನು.

ಆದರೂ ಆತನ ಜೀವನಕ್ಕೆ ಆಧಾರವಾಗಿ ಉಳಿದದ್ದು ಸಂಸ್ಥಾನಗಳೇ. 1928ರಲ್ಲಿ ಪಟಿಯಾಲಾದ ಮಹಾರಾಜ ಭೂಪಿಂದರ್‌ಸಿಂಹನ ಪೋಷಣೆಯಲ್ಲಿ ಝ್ಬಿಸ್ಕೋವಿನೊಡನೆ ಮತ್ತೆ ಕುಸ್ತಿ ನಡೆಯಿತು. ಐವತ್ತರ ಹೊಸ್ತಿಲಲ್ಲಿದ್ದ ಗಾಮಾನು ಒಂದು ನಿಮಿಷ ತುಂಬುವ ಮೊದಲೇ ಎದುರಾಳಿಯನ್ನು ಚಿತ್ ಮಾಡಿದನು.

1947ರ ದೇಶವಿಭಜನೆಯು ಈ ವ್ಯವಸ್ಥೆಯ ಬುಡವನ್ನೇ ಕಿತ್ತಿತು. ಲಾಹೋರಿನಲ್ಲಿದ್ದ ಗಾಮಾನು ಪಾಕಿಸ್ತಾನದ ಪ್ರಜೆಯಾದನು. ಆತನನ್ನು ಸಾಕಿದ್ದ ದತಿಯಾ, ಪಟಿಯಾಲಾಗಳು ಗಡಿಯ ಈಚೆ ಉಳಿದು, 1948ರಲ್ಲಿ ಹೊಸ ಪ್ರಾಂತಗಳಲ್ಲಿ ಅಡಗಿಹೋದವು. ಗಲಭೆಯ ದಿನಗಳಲ್ಲಿ ನೆರೆಯ ಹಿಂದೂಗಳಿಗೆ ರಕ್ಷಣೆಯಿತ್ತನೆಂದು ಸ್ಮರಿಸಲ್ಪಡುವ ಈ ಮಲ್ಲನು ತನ್ನ ಮುಪ್ಪನ್ನು ಕಾಯಿಲೆ ಬಡತನಗಳಲ್ಲಿ ಕಳೆದನು. ಆಗ ನೆರವಿತ್ತವರಲ್ಲಿ ಭಾರತದ ಉದ್ಯಮಿ ಘನಶ್ಯಾಮದಾಸ ಬಿರ್ಲಾ ಅವರೂ ಇದ್ದರೆಂಬುದು ಗಮನಾರ್ಹ. ಇದೇ ಮೂರನೆಯ ನೆಲೆ: ಅರಸನ ಅನ್ನದ ಬದಲು ಧನಿಕನ ಔದಾರ್ಯ. 1960ರ ಮೇ 23ರಂದು ಗಾಮಾನು ಲಾಹೋರಿನಲ್ಲಿ ನಿಧನನಾದನು.

ಅರಸನು ಮಲ್ಲನಿಗೆ ಅನ್ನವಿಟ್ಟದ್ದು ತನ್ನ ಕೀರ್ತಿಗಾಗಿ. ಪತ್ರಿಕೆಯು ಬಹುಮಾನವಿಟ್ಟದ್ದು ತನ್ನ ಪ್ರಸಾರಕ್ಕಾಗಿ. ಮುಪ್ಪಿನ ಹೊಣೆಯನ್ನು ಹೊರುವುದು ಇವೆರಡರ ಲೆಕ್ಕಕ್ಕೂ ಸೇರಿರಲಿಲ್ಲ. ಸಂಸ್ಥಾನಗಳ ವಿಲೀನವನ್ನು ರಾಜ್ಯಾಂಗದ ಘಟನೆಯೆಂದು ಮಾತ್ರ ಬೋಧಿಸುವ ನಾವು, ಅದು ಗರಡಿಯ ಮನೆಗಳ ಒಲೆಯನ್ನೂ ತಟ್ಟಿತೆಂಬುದನ್ನು ಮರೆಯಲಾಗದು.