ಏರಿಯೇ ಸೇತುವೆಯಾಗಿದ್ದ ಸೀಮೆ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆ ಹಳೆಯ ಸೇತುವೆ ಯಾವುದೆಂದು ಯಾರಾದರೂ ಕೇಳಿದರೆ ನಾನು ಕೆರೆ ಏರಿಯನ್ನೇ ತೋರಿಸುತ್ತೇನೆ. ಪಾಲಾರ್, ದಕ್ಷಿಣ ಪಿನಾಕಿನಿ, ಪಾಪಾಗ್ನಿ ಎಂದು ಹೆಸರುಗಳೇನೋ ಉಂಟು. ವರ್ಷವಿಡೀ ಹರಿಯುವ ಹೊಳೆ ಮಾತ್ರ ಇಲ್ಲ. ಹಳ್ಳಕ್ಕೆ ಅಡ್ಡಲಾಗಿ ಮಣ್ಣು ಪೇರಿಸಿ, ಒಳಮೈಗೆ ಕಲ್ಲು ಹೊದಿಸಿ ಏರಿ ಕಟ್ಟಿದರು. ಅದರ ಬುಡದಲ್ಲಿ ತೂಬಿನ ನೀರು ಗದ್ದೆಗೆ ಇಳಿಯುತ್ತಿತ್ತು, ಮೇಲೆ ಸಂತೆಯ ಗಾಡಿ ಸಾಗುತ್ತಿತ್ತು. ಮಿಕ್ಕ ನೀರು ಕೋಡಿ ಬಿದ್ದು, ರಾಜಕಾಲುವೆ ಹಿಡಿದು ಕೆಳಗಿನ ಕೆರೆ ಸೇರುತ್ತಿತ್ತು.

ಪಾಲಾರಿನ ಬೇತಮಂಗಲ ಕೆರೆಯನ್ನೇ ನೋಡಿ. ಊರಿನ ಹಳೆಯ ಹೆಸರು ವಿಜಯಾದಿತ್ಯಮಂಗಲ. 10ನೇ ಶತಮಾನದಲ್ಲಿ ಒಡೆದುಹೋಗಿದ್ದ ಏರಿಯನ್ನು ಅರಸ ಇರಿವ ನೊಳಂಬ ಮತ್ತೆ ಕಟ್ಟಿಸಿದ ಸಂಗತಿ ಶಾಸನದಲ್ಲಿದೆ. ಕಟ್ಟಿಸಿದವನಿಗಷ್ಟೇ ಅಲ್ಲ, ರಿಪೇರಿ ಮಾಡಿಸಿದವನಿಗೂ ಕಲ್ಲಿನಲ್ಲಿ ಜಾಗ ಕೊಟ್ಟ ಕಾಲ ಅದು. ಈಗ ಜಾಗವೆಲ್ಲ ಉದ್ಘಾಟನೆಯ ಫಲಕಕ್ಕೇ ಸಾಲದು! 1903ರ ನವೆಂಬರಿನಲ್ಲಿ ಪಾಲಾರ್ ಸಾಲಿನ ಕೆರೆಗಳು ಒಡೆದಾಗ ನೀರು ಈಗಿನ ತಮಿಳುನಾಡಿನ ವಾಣಿಯಂಬಾಡಿಯವರೆಗೂ ನುಗ್ಗಿ ಜನರನ್ನು ಬಲಿ ತೆಗೆದುಕೊಂಡಿತು. ಮುಂದೆ ಕೆ.ಜಿ.ಎಫ್. ಗಣಿಯ ಊರಿಗೆ ಕುಡಿಯುವ ನೀರು ಕೊಟ್ಟದ್ದೂ ಬೇತಮಂಗಲವೇ.

1892ರ ಮದರಾಸು–ಮೈಸೂರು ಒಪ್ಪಂದದ ಪ್ರಕಾರ ಪಾಲಾರಿನಲ್ಲಿ ಮದರಾಸಿನ ಒಪ್ಪಿಗೆಯಿಲ್ಲದೆ ಹೊಸ ಕೆರೆ ಕಟ್ಟುವಂತಿರಲಿಲ್ಲ. ಇದ್ದ ಕೆರೆಗಳನ್ನಾದರೂ ಜೋಪಾನ ಮಾಡಿದೆವೇ? ಕೊಳವೆಬಾವಿ ಬಂದಮೇಲೆ, ಕೆರೆಯ ನೀರನ್ನು ಗದ್ದೆಗಳಿಗೆ ಹಂಚುತ್ತಿದ್ದ ನೀರುಗಂಟಿಯ ಕೆಲಸ ಹೋಯಿತು. ನೀರು ಕಾಣದ ರಾಜಕಾಲುವೆ ಹಳ್ಳಿಯಲ್ಲಿ ಹೊಲಕ್ಕೆ ಸೇರಿತು, ಪೇಟೆಯಲ್ಲಿ ಗೋಡೆಯ ಕೆಳಗೆ ಹೋಯಿತು.

2018ರ ಜೂನ್‌ನಲ್ಲಿ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ (ಕೆ.ಸಿ.) ವ್ಯಾಲಿಯ ನೀರು ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಬಿತ್ತು. ನಗರದ ಕೊಳಚೆಯನ್ನು ಎರಡು ಹಂತದಲ್ಲಿ ಶುದ್ಧ ಮಾಡಿ ದಿನಕ್ಕೆ 44 ಕೋಟಿ ಲೀಟರ್‌ನಂತೆ 126 ಕೆರೆ ತುಂಬಿಸುವ ಯೋಜನೆ. ಅದೇ ವರ್ಷ ಕೆರೆಯಲ್ಲಿ ನೊರೆ ಎದ್ದು, ಹೈಕೋರ್ಟು ಕೆಲಕಾಲ ತಡೆಯನ್ನೂ ಕೊಟ್ಟಿತು. ಮೂರನೆಯ ಹಂತದ ಶುದ್ಧೀಕರಣ ಬೇಕೆಂಬ ಬೇಡಿಕೆ ನ್ಯಾಯವಾದದ್ದೇ. ಆದರೆ ಕೆರೆಯಿಂದ ಕೆರೆಗೆ ಹರಿಯಲು ಈ ನೀರು ಹಿಡಿದದ್ದು ನಮ್ಮ ಹಳೆಯ ದಾರಿಯನ್ನೇ.

2021ರ ನವೆಂಬರ್ ಮಳೆಗೆ ತುಂಬಿದ ಕೆರೆಗಳು ಕೋಡಿ ಬಿದ್ದು, ರಸ್ತೆಗಳ ಮೇಲೆಯೇ ನೀರು ಹರಿಯಿತು. ಒಣ ಹಳ್ಳವೆಂದು ಸಣ್ಣ ಪೈಪು ಹೂತು ಮೋರಿ ಮಾಡಿದ್ದರೆ ಕೋಡಿ ನೀರು ಅದರಲ್ಲಿ ಹಿಡಿಸುವುದೆಲ್ಲಿ? ಗ್ರಾಮನಕ್ಷೆಯಲ್ಲಿ ರಾಜಕಾಲುವೆಯ ಗೆರೆ ಈಗಲೂ ಇದೆ. ಹೊಸ ಮೋರಿ, ಸೇತುವೆಗೆ ಅಂದಾಜುಪಟ್ಟಿ ಬರೆಯುವ ಎಂಜಿನಿಯರು ಮೊದಲು ಬಿಡಿಸಿ ನೋಡಬೇಕಾದ ಕಾಗದ ಅದು.