ಎರೆ ಹೊಲ, ವಿಲಾಯತಿ ಹತ್ತಿ, ಸಾವಕಾರನ ಕಾಗದ

ಧಾರವಾಡ ಜಿಲ್ಲೆಯ ಮೂಡಣ ಸೀಮೆ ಎರೆ ಭೂಮಿ. ನವಲಗುಂದ, ಅಣ್ಣಿಗೇರಿ, ಕುಂದಗೋಳದ ಕಡೆ ಮರ ಕಡಿಮೆ, ಹೊಲ ವಿಶಾಲ. ಜೋಳ, ಗೋಧಿ, ಕಡಲೆ, ಹತ್ತಿ ಇಲ್ಲಿನ ಬೆಳೆ. ಪಡುವಣದ ಕಲಘಟಗಿಯತ್ತ ನಡೆದರೆ ಮಣ್ಣು ಕೆಂಪಾಗುತ್ತದೆ, ಭತ್ತದ ಗದ್ದೆಯೂ ಕಾಡೂ ಶುರುವಾಗುತ್ತವೆ. ಪೇಶವೆಯ ಆಳಿಕೆ ಮುರಿದು 1817–18ರಲ್ಲಿ ಈ ನಾಡು ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿದಾಗ ಇಲ್ಲಿನ ಹಳ್ಳಿಗಳಲ್ಲಿ ಏರುತಗ್ಗು ಆಗಲೇ ಇತ್ತು. ಮುಂದಿನ ನೂರು ವರ್ಷಗಳಲ್ಲಿ ಅದು ಅಳಿಯಲಿಲ್ಲ. ಕಣದ ಪಾಲಿನ ರೂಪದಲ್ಲಿದ್ದದ್ದು ಕಾಗದದ ಮೇಲಿನ ಸಾಲವಾಯಿತು.

ಹಳೆಯ ಏರ್ಪಾಟಿನಲ್ಲಿ ಊರಿನ ಮೇಲ್ತುದಿಗೆ ದೇಸಾಯಿ, ಗೌಡ, ಕುಲಕರ್ಣಿಗಳಿದ್ದರು. ಅವರ ಹುದ್ದೆ ವಂಶಪಾರಂಪರ್ಯದ ವತನ. ಅದಕ್ಕೆ ಅಂಟಿಕೊಂಡು ಕಂದಾಯ ಮಾಫಿಯ ಇನಾಮು ಭೂಮಿ. ಮಠ, ಗುಡಿ, ದರ್ಗಾಗಳಿಗೂ ಇನಾಮು ಇತ್ತು. ಬಡಿಗೇರ, ಕಂಬಾರ, ಹಡಪದ, ಅಗಸ, ಸಮಗಾರ ಮೊದಲಾದ ಆಯಗಾರರಿಗೆ ದುಡ್ಡಿನ ಕೂಲಿ ಇರಲಿಲ್ಲ. ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಆಯ ತರಬೇಕು. ಅಲ್ಲಿಯೂ ಸರದಿ ಇತ್ತು, ಅಳತೆ ಇತ್ತು. ಮಿಣಿ, ಬಾರುಕೋಲು ಮಾಡಿಕೊಟ್ಟವರು, ಸತ್ತ ದನ ಹೊತ್ತವರು ಕೊನೆಗೆ ನಿಲ್ಲುತ್ತಿದ್ದರು. ರಾಶಿ ಎತ್ತಿದ ಮೇಲೆ ಕಣದ ತಳದಲ್ಲಿ ಉಳಿದ ಮಣ್ಣು ಬೆರೆತ ಕಾಳು ಅವರ ಮನೆಗೆ ಹೋಗುತ್ತಿತ್ತು. ಕೇರಿಯ ಮಂದಿಗೆ ಸ್ವಂತ ಹೊಲ ಅಪರೂಪ. ಮದುವೆಗೆಂದು ಧಣಿಯಲ್ಲಿ ಕೈಗಡ ಪಡೆದವನು ಅದು ತೀರುವವರೆಗೆ ಅವನ ಮನೆಯ ಆಳು. ಹೊಟ್ಟೆಗೆ ಜೋಳ, ಮೈಗೆ ಕಂಬಳಿ ಸಿಗುತ್ತಿತ್ತು. ಸಾಲ ಮಾತ್ರ ತೀರುತ್ತಿರಲಿಲ್ಲ. ಅಪ್ಪನ ಜೀತವನ್ನು ಮಗ ಹೊರುತ್ತಿದ್ದ.

ಬ್ರಿಟಿಷ್ ಸಾಮ್ರಾಜ್ಯ 1833ರಲ್ಲಿ ಗುಲಾಮಗಿರಿಯನ್ನು ರದ್ದು ಮಾಡಿದಾಗ ಕೆರಿಬಿಯನ್ ದ್ವೀಪಗಳೇ ಮೊದಲಾದ ಕಡೆಗಳ ಗುಲಾಮರ ಒಡೆಯರಿಗೆ 2 ಕೋಟಿ ಪೌಂಡ್ ಪರಿಹಾರ ಕೊಟ್ಟಿತು. ಬಿಡುಗಡೆಯಾದವರಿಗೆ ಬಿಡಿಗಾಸೂ ಇಲ್ಲ. ಕಂಪನಿಯ ಆಳಿಕೆಯ ಭಾರತ ಆ ಕಾಯಿದೆಯಿಂದ ಹೊರಗೇ ಉಳಿಯಿತು. ಇಲ್ಲಿಗೆ 1843ರಲ್ಲಿ ಬಂದ 5ನೇ ಕಾಯಿದೆ, ಇವನು ನನ್ನ ಗುಲಾಮನೆಂಬ ಹಕ್ಕನ್ನು ಇನ್ನು ಮುಂದೆ ಕೋರ್ಟು ಮಾನ್ಯ ಮಾಡದು ಎಂದಷ್ಟೇ ಹೇಳಿತು. ಮನುಷ್ಯರನ್ನು ಮಾರುವುದು, ಕೊಳ್ಳುವುದು ಅಪರಾಧವಾದದ್ದು 1860ರ ದಂಡ ಸಂಹಿತೆಯಲ್ಲಿ. ಜೀತ ಈ ಎರಡರ ಕೈಗೂ ಸಿಗಲಿಲ್ಲ. ಅದು ಗುಲಾಮಗಿರಿ ಅಲ್ಲ, ಸಾಲ ಎಂದು ಹೇಳಿದರೆ ಮುಗಿಯಿತು. ಆಳಿನ ಮೈಮೇಲಿದ್ದ ಹಿಡಿತಕ್ಕೆ ಬೇರೆ ಹೆಸರು ಸಿಕ್ಕಿತು.

1843ರ ಕಾಯಿದೆ ಬಂದ ದಶಕದಲ್ಲೇ ಹೊಲಗಳಿಗೆ ಅಳತೆಯ ಸರಪಳಿ ಬಂತು. ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು 1835ರ ಹೊತ್ತಿಗೆ ಪುಣೆಯ ಇಂದಾಪುರದಲ್ಲಿ ಶುರುಮಾಡಿದ ಮುಂಬಯಿ ಸರ್ವೆ ಪದ್ಧತಿ 1840ರ ದಶಕದಲ್ಲಿ ಧಾರವಾಡಕ್ಕೂ ಹಬ್ಬಿತು. ಪ್ರತಿ ಹೊಲವನ್ನೂ ಅಳೆದು ಮೂಲೆಗೆ ಬಾಂದುಕಲ್ಲು ನೆಟ್ಟು ನಂಬರು ಕೊಟ್ಟರು. ಮಣ್ಣನ್ನು ಅಗೆದು ಆಳ ನೋಡಿ, ಬಣ್ಣ ನೋಡಿ, ಹರಳು, ಮರಳು, ಇಳಿಜಾರಿನ ದೋಷ ಕಳೆದು, ಹದಿನಾರು ಆಣೆಯಿಂದ ಕೆಳಕ್ಕೆ ದರ್ಜೆ ಕಟ್ಟಿದರು. ಅದರ ಮೇಲೆ 30 ವರ್ಷ ಬದಲಾಗದ ಕಂದಾಯ, ಅಂದರೆ ‘ಆಕಾರ’, ನಿಂತಿತು. ಹಿಂದಿನ ಗೊಂದಲದ ವಸೂಲಿಗಿಂತ ಈ ಪದ್ಧತಿ ನೆಟ್ಟಗಿತ್ತು, ಎಷ್ಟೋ ಕಡೆ ದರವೂ ಇಳಿಯಿತು ಎಂಬುದನ್ನು ಒಪ್ಪಬೇಕು. ಆದರೆ ಖಾತೆಯಲ್ಲಿ ಬರೆದದ್ದು ಕಂದಾಯ ಕಟ್ಟುವವನ ಹೆಸರು. ಲಾವಣಿಗೆ (ಗೇಣಿಗೆ) ಹಿಡಿದು ಉತ್ತವನ, ಕೋರಿಗೆ (ಪಾಲಿಗೆ) ಮಾಡಿದವನ, ಕಳೆ ತೆಗೆದ ಹೆಣ್ಣಾಳಿನ ಹೆಸರು ಅಲ್ಲಿಲ್ಲ. ಇನ್ನೊಂದು ಬದಲಾವಣೆ ಇದಕ್ಕಿಂತ ಆಳದ್ದು: ಖಾತೆದಾರ ಈಗ ಹೊಲವನ್ನು ಮಾರಬಹುದಿತ್ತು, ಒತ್ತೆ ಇಡಬಹುದಿತ್ತು. ಕಂದಾಯ ನಿಗದಿಯಾಗಿ ಲಾಭ ಉಳಿಯುವ ಭೂಮಿಗೆ ಬೆಲೆ ಹುಟ್ಟಿತು. ಬೆಲೆ ಹುಟ್ಟಿದ ಮೇಲೆ ಸಾವಕಾರನ ಕಣ್ಣು ಅದರ ಮೇಲೆ ಬಿತ್ತು.

ಇನಾಮುದಾರರ ಕಾಗದಪತ್ರಗಳನ್ನೂ ಸರಕಾರ ಬಿಡಲಿಲ್ಲ. 1852ರ 11ನೇ ಕಾಯಿದೆಯ ಬಲದ ಮೇಲೆ ಇನಾಮ್ ಕಮಿಷನ್ ಮನೆಮನೆಯ ಸನದು ಕೇಳಿತು. ತೋರಿಸಲಾರದವರ ಭೂಮಿಗೆ ಕಂದಾಯ ಹೇರಿತು. ದತ್ತಕಕ್ಕೆ ಒಪ್ಪಿಗೆ ಸಿಗದ ನರಗುಂದದ ಸಂಸ್ಥಾನಿಕ ಬಾಬಾಸಾಹೇಬ 1858ರ ಮೇ ತಿಂಗಳಲ್ಲಿ ದಂಗೆಯೆದ್ದ ಹಿನ್ನೆಲೆಯಲ್ಲಿ ಈ ಕುದಿಯೂ ಇತ್ತು. ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಸುರಿಬಾನಿನಲ್ಲಿ ಹತನಾದ. ಜೂನ್‌ನಲ್ಲಿ ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. 1863ರ ಕಾಯಿದೆಗಳು ಇನಾಮುದಾರರೊಂದಿಗೆ ಅಗ್ಗದ ರಾಜಿ ಮಾಡಿಕೊಂಡು ಉಳಿದ ಇನಾಮುಗಳನ್ನು ಗಟ್ಟಿಮಾಡಿದವು. ಹೀಗೆ ಮೇಲಿನವರ ಅಳಲಿಗೆ ಕೊನೆಗೆ ರಾಜಿಯಾದರೂ ಸಿಕ್ಕಿತು.

ಹತ್ತಿಯ ಕಥೆ ಧಾರವಾಡವನ್ನು ನೇರವಾಗಿ ಅಮೆರಿಕದ ಗುಲಾಮರ ಹೊಲಗಳಿಗೆ ಹೊಲಿಯುತ್ತದೆ. ಮ್ಯಾಂಚೆಸ್ಟರಿನ ಗಿರಣಿಗಳು ತಿನ್ನುತ್ತಿದ್ದ ಹತ್ತಿಯ ಬಹುಪಾಲು ಅಮೆರಿಕದ ದಕ್ಷಿಣದ ಗುಲಾಮರು ಬಿಡಿಸಿದ್ದು. ಒಂದೇ ಮೂಲವನ್ನು ನೆಚ್ಚಿಕೊಂಡ ಭಯದಲ್ಲಿ ಕಂಪನಿ 1840ರಲ್ಲಿ ಅಮೆರಿಕದ ಪ್ಲಾಂಟರುಗಳನ್ನು ಸಂಬಳ ಕೊಟ್ಟು ಭಾರತಕ್ಕೆ ತಂದಿತು. ಹುಬ್ಬಳ್ಳಿಯ ಹತ್ತಿರದ ಕುಸುಗಲ್ಲಿನಲ್ಲಿ ಪ್ರಯೋಗದ ಹೊಲ ಎದ್ದಿತು. ಅಲ್ಲಿದ್ದ ಮರ್ಸರ್ ಎಂಬ ಪ್ಲಾಂಟರು ಕೆಲವು ವರ್ಷ ನೋಡಿ, ಇಂಥ ಸರಕಾರಿ ಹೊಲಗಳು ದಂಡದ ಖರ್ಚು, ಅಮೆರಿಕದ ಬೇಸಾಯ ಈ ನೆಲಕ್ಕೆ ಹೊಂದದು ಎಂದು ಬರೆದ. ಆದರೂ ನ್ಯೂ ಆರ್ಲಿಯನ್ಸಿನ ಬೀಜ ಇಲ್ಲಿನ ಮಣ್ಣಿಗೆ ಒಗ್ಗಿತು. ಕೂರಿಗೆ, ಕುಂಟಿ, ಎಡೆ ಹೊಡೆಯುವುದು ಎಲ್ಲ ರೈತನ ಹಳೆಯ ಪದ್ಧತಿಯೇ. ಬೀಜ ಮಾತ್ರ ಹೊಸದು. ಜವಾರಿ ಹತ್ತಿಯ ಪಕ್ಕದಲ್ಲಿ ‘ವಿಲಾಯತಿ ಹತ್ತಿ’ ನಿಂತಿತು. ಪೇಟೆಯಲ್ಲಿ ಅದಕ್ಕೆ ಧಾರವಾಡ–ಅಮೆರಿಕನ್ ಎಂಬ ಹೆಸರು. ಜವಾರಿಗೆ ಅದು ಹಡಗೇರುವ ಬಂದರಿನ ಹೆಸರೇ ಬಂತು: ಕುಮಟಾ.

ಜವಾರಿ ಹತ್ತಿಯನ್ನು ಬಿಡಿಸುತ್ತಿದ್ದವರು ಹೆಂಗಸರು. ಮುಂದೊಂದು ಚಪ್ಪಟೆ ಕಲ್ಲು, ಅದರ ಮೇಲೆ ನಡು ದಪ್ಪಗಿನ ಕಬ್ಬಿಣದ ಸರಳು. ಕುಳ್ಳು ಮಣೆಯ ಮೇಲೆ ಕೂತು ಅಂಗಾಲಿಗೆ ಮರದ ತುಂಡು ಕಟ್ಟಿಕೊಂಡು ಸರಳನ್ನು ಕಾಲಿನಿಂದ ಹಿಂದೆ ಮುಂದೆ ಉರುಳಿಸುತ್ತ, ಕೈಯಿಂದ ಹತ್ತಿ ಒಡ್ಡಬೇಕು. ಅರಳೆ ಆಚೆ ಜಾರುತ್ತದೆ, ಬೀಜ ಈಚೆ ಉಳಿಯುತ್ತದೆ. ದಿನವೆಲ್ಲ ಕೂತರೂ ಕೈಗೆ ಬರುವುದು ಕೆಲವೇ ಸೇರು ಅರಳೆ. ವಿಲಾಯತಿ ಹತ್ತಿಯ ಬೀಜಕ್ಕೆ ಅರಳೆ ಬಿಗಿಯಾಗಿ ಅಂಟಿರುವುದರಿಂದ ಈ ಸರಳು ಸಾಗಲಿಲ್ಲ. ಗರಗಸದ ಹಲ್ಲಿನ ಯಂತ್ರ ಬೇಕಾಯಿತು. ಅದನ್ನು ಮಾಡಿ ರಿಪೇರಿ ಮಾಡಲು ಸರಕಾರವೇ ಧಾರವಾಡದಲ್ಲಿ ಕಾರ್ಖಾನೆ ತೆರೆಯಿತು. ಯಂತ್ರ ಕೊಳ್ಳುವಷ್ಟು ದುಡ್ಡಿದ್ದವರು ಊರಿನ ಕುಳಗಳು, ವ್ಯಾಪಾರಿಗಳು.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹತ್ತಿತು. ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಬಿದ್ದು ಲಿವರ್‌ಪೂಲಿನ ಪೇಟೆಯಲ್ಲಿ ಹತ್ತಿಯ ಬೆಲೆ ಮೂರು ನಾಲ್ಕು ಪಟ್ಟು ಏರಿತು. ಎರೆ ಸೀಮೆಯಲ್ಲಿ ಜೋಳದ ಹೊಲಗಳಿಗೂ ಹತ್ತಿ ನುಗ್ಗಿತು. ಚಕ್ಕಡಿಗಳ ಸಾಲು ಘಟ್ಟ ಇಳಿಯಿತು. ಕಾರವಾರದ ಬಂದರು ಹತ್ತಿಗೆ ಸಿಗಲೆಂದೇ 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಕಿತ್ತು ಮುಂಬಯಿ ಇಲಾಖೆಗೆ ಸೇರಿಸಿದರು. ಕಲಬೆರಕೆ ಹೆಚ್ಚಿದ್ದರಿಂದ 1863ರಲ್ಲಿ ಹತ್ತಿ ಮೋಸದ ಕಾಯಿದೆ ಬಂತು. ಬೆಳೆದವನ ಕೈಯಲ್ಲಿ ಆ ನಾಲ್ಕು ವರ್ಷ ದುಡ್ಡು ಆಡಿದ್ದು ನಿಜ. ಆದರೆ ಬೆಳೆ ಹೊಲದಲ್ಲಿರುವಾಗಲೇ ಮುಂಗಡ ಪಡೆದವನಿಗೆ ಸಿಕ್ಕಿದ್ದು ಮುಂಗಡದ ದಿನದ ಬೆಲೆ. ಬೆಳೆಯನ್ನು ಮನೆಯಲ್ಲಿಟ್ಟು ಕಾಯಬಲ್ಲವನಿಗೆ ಪೇಟೆಯ ಬೆಲೆ ಸಿಕ್ಕಿತು. ಒಂದೇ ಊರಿನ, ಒಂದೇ ದರ್ಜೆಯ ಮಣ್ಣಿನ ಇಬ್ಬರು ರೈತರ ನಡುವೆ ಈ ಕಾಯುವ ಶಕ್ತಿಯೇ ಅಂತರ ತಂದಿತು.

ಯುದ್ಧ 1865ರಲ್ಲಿ ಮುಗಿಯಿತು, ಬೆಲೆ ಕುಸಿಯಿತು. ಏರಿದ ಕಾಲದಲ್ಲಿ ಸಲೀಸಾಗಿ ಸಿಕ್ಕ ಸಾಲ ಹಾಗೆಯೇ ನಿಂತಿತು. 1859ರ ಕಾಲಮಿತಿ ಕಾಯಿದೆ ಸಾಲದ ದಾವೆಗೆ ಮೂರು ವರ್ಷದ ಗಡುವು ಇಟ್ಟಿತ್ತು. ಸಾಲಗಾರನ ರಕ್ಷಣೆಗೆಂದು ಮಾಡಿದ್ದು ಅವನಿಗೇ ಉರುಳಾಯಿತು: ಗಡುವು ಬರುವ ಮೊದಲೇ ಸಾವಕಾರ ಅಸಲಿಗೆ ಬಡ್ಡಿ ಸೇರಿಸಿ ಹೊಸ ಕಾಗದ ಬರೆಸಿಕೊಳ್ಳುತ್ತಿದ್ದ. ಓದು ಬಾರದ ರೈತ ಹೆಬ್ಬೆಟ್ಟು ಒತ್ತುತ್ತಿದ್ದ. ಹೆಬ್ಬೆಟ್ಟಿನ ಕಾಗದವೇ ಕೋರ್ಟಿಗೆ ಸಾಕ್ಷಿ. ಡಿಕ್ರಿಯಾದ ಹೊಲವನ್ನು ಸಾವಕಾರ ತಾನು ಉಳುತ್ತಿರಲಿಲ್ಲ, ಹಳೆಯ ಒಡೆಯನಿಗೇ ಲಾವಣಿಗೆ ಕೊಡುತ್ತಿದ್ದ. 1875ರಲ್ಲಿ ಪುಣೆ, ಅಹಮದ್‌ನಗರದ ರೈತರು ಸಾವಕಾರರ ಮನೆಗೆ ನುಗ್ಗಿ ಈ ಕಾಗದಗಳನ್ನೇ ಹುಡುಕಿ ಸುಟ್ಟರು. 1879ರ ದಖ್ಖನ್ ರೈತರ ಪರಿಹಾರ ಕಾಯಿದೆ ಅದರ ಫಲ. ಅದು ಮೊದಲು ಸಿಕ್ಕಿದ್ದು ಪುಣೆ, ಸಾತಾರ, ಸೊಲ್ಲಾಪುರ, ಅಹಮದ್‌ನಗರಗಳಿಗೆ. ಧಾರವಾಡದ ರೈತ ಅದರಾಚೆ ಉಳಿದ.

ಅಷ್ಟರಲ್ಲಿ ಬರ ಬಂದಿತ್ತು. 1876ರಲ್ಲಿ ಮಳೆ ಕೈಕೊಟ್ಟಿತು. ಎರೆ ಸೀಮೆಯ ಉಳ್ಳವರ ಜೋಳ ನೆಲದಡಿಯ ಹಗೇವಿನಲ್ಲಿರುತ್ತಿತ್ತು. ಗುಂಡಿ ತೋಡಿ ಒಳಗೆ ಕಣಕಿ ಹಾಸಿ, ಜೋಳ ಸುರಿದು, ಬಾಯಿ ಮುಚ್ಚಿ ಮಣ್ಣು ಬಡಿದರೆ ವರ್ಷಗಟ್ಟಲೆ ಕೆಡದು. ತೆರೆದಾಗ ಒಳಗಿನ ಕೆಟ್ಟ ಗಾಳಿ ಹೋಗುವವರೆಗೆ ಇಳಿಯುವಂತಿಲ್ಲ. ಹಗೇವಿದ್ದ ಮನೆಗೆ ಬರದ ವರ್ಷ ದುಬಾರಿ ಬೆಲೆಯ ವರ್ಷವಾಯಿತು, ದಿನದ ಕೂಲಿಯಿಂದ ಜೋಳ ಕೊಳ್ಳುವ ಕೇರಿಗೆ ಸಾವಿನ ವರ್ಷ. ನೇಕಾರರ ಸ್ಥಿತಿಯೂ ಅದೇ, ಹೊಟ್ಟೆಗಿಲ್ಲದ ಊರಿನಲ್ಲಿ ಸೀರೆ ಕೊಳ್ಳುವವರಿರಲಿಲ್ಲ. ಸರಕಾರದ ಕಾಮಗಾರಿಗಳಲ್ಲಿ ಕಲ್ಲು ಒಡೆದವರಿಗೆ ಬ್ರಿಟಿಷ್ ಅಧಿಕಾರಿ ರಿಚರ್ಡ್ ಟೆಂಪಲ್ 1877ರ ಆರಂಭದಲ್ಲಿ ಗೊತ್ತುಮಾಡಿದ ಕೂಲಿ, ಒಂದು ಪೌಂಡ್ ಧಾನ್ಯದ ಬೆಲೆ ಮತ್ತು ಅರ್ಧ ಆಣೆ. ದುಡಿಯುವ ಮೈಗೆ ಅದು ಸಾಲದೆಂದು ಆಗಲೇ ಕೂಗೆದ್ದಿತ್ತು. 1872ರ ಗಣತಿಯಲ್ಲಿ ಸುಮಾರು 9 ಲಕ್ಷ 88 ಸಾವಿರವಿದ್ದ ಜಿಲ್ಲೆಯ ಜನಸಂಖ್ಯೆ 1881ರಲ್ಲಿ ಸುಮಾರು 8 ಲಕ್ಷ 82 ಸಾವಿರಕ್ಕೆ ಇಳಿದಿತ್ತು. ಈ ಒಂದು ಲಕ್ಷದಲ್ಲಿ ಸತ್ತವರಿದ್ದಾರೆ, ಗುಳೆ ಹೋಗಿ ಮರಳದವರಿದ್ದಾರೆ. ಇದೇ ದಶಕದಲ್ಲಿ 30 ವರ್ಷದ ಗಡುವು ಮುಗಿದು ಮರುಸರ್ವೆಯೂ ನಡೆಯಿತು. ಏರಿದ ಬೆಲೆ, ಹೊಸ ರಸ್ತೆಗಳನ್ನು ತೋರಿಸಿ ಸರಕಾರ ಆಕಾರವನ್ನು ಹೆಚ್ಚಿಸಿತು.

ಆರಂಭದಲ್ಲಿ ಹೆಸರಿಸಿದ ಊರುಗಳಲ್ಲಿ ಕುಂದಗೋಳದ ಲೆಕ್ಕ ಬೇರೆ. ಅದು ಜಮಖಂಡಿಯ ಪಟವರ್ಧನರ ಸಂಸ್ಥಾನಕ್ಕೆ ಸೇರಿ, 1948ರ ವಿಲೀನದವರೆಗೆ ಬ್ರಿಟಿಷ್ ಜಿಲ್ಲೆಯ ಹೊರಗಿತ್ತು. ಕಲಘಟಗಿಯಲ್ಲಿ ಬಡವರಿಗೆ ಬಿದ್ದ ಪೆಟ್ಟು ಕಾಡಿನ ಕಡೆಯಿಂದ ಬಂತು: 1878ರ ಅರಣ್ಯ ಕಾಯಿದೆ ಬೇಲಿ ಹಾಕಿದ ಮೇಲೆ ಸೌದೆ, ಸೊಪ್ಪು, ದನದ ಮೇವಿಗೆ ಗಾರ್ಡಿನ ದಾಕ್ಷಿಣ್ಯ ಬೇಕಾಯಿತು.

ಸಾವಕಾರನಿಗೆ ಎದುರಾಗಿ ರೈತರೇ ಕೂಡಿ ಕಟ್ಟಿದ ಮೊದಲ ಒಡ್ಡು ಈ ಜಿಲ್ಲೆಯದೇ. ಆಗ ಧಾರವಾಡಕ್ಕೆ ಸೇರಿದ್ದ ಗದಗಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಸಹಕಾರಿ ಪತ್ತಿನ ಸಂಘ ಸ್ಥಾಪಿಸಿದರು. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವೆಂದು ಅದಕ್ಕೆ ಮನ್ನಣೆ. ದೊಡ್ಡ ಕೆಲಸ ಅದು. ಆದರೆ ಸಂಘದ ಸಾಲಕ್ಕೂ ಆಧಾರ ಬೇಕು; ಹೊಲವಿಲ್ಲದ ಆಳು ಧಣಿಯ ಮನೆಯ ಬಾಗಿಲಿಗೇ ಹೋಗಬೇಕಿತ್ತು.

ಸ್ವಾತಂತ್ರ್ಯ ಬಂದ ಮೇಲೆ ಕಾನೂನುಗಳು ಒಂದರ ಹಿಂದೆ ಒಂದು ಬಂದವು. 1948ರ ಮುಂಬಯಿ ಗೇಣಿ ಕಾಯಿದೆ, 1950ರ ಕುಲಕರ್ಣಿ ವತನ ರದ್ದತಿ, ಧಾರವಾಡ ಮೈಸೂರು ರಾಜ್ಯ ಸೇರಿದ ಮೇಲೆ 1961ರ ಗ್ರಾಮ ಹುದ್ದೆಗಳ ರದ್ದತಿ, ದೇವರಾಜ ಅರಸರ ಕಾಲದ 1974ರ ಭೂಸುಧಾರಣೆ ತಿದ್ದುಪಡಿ. ಜೀತ ಪದ್ಧತಿಯನ್ನೇ ಹೆಸರಿಸಿ ಅಳಿಸಿದ ಕಾಯಿದೆ 1976ರದು, 1843ರ ಕಾಯಿದೆಯಾದ 133 ವರ್ಷಕ್ಕೆ. ಅದು ಜೀತದ ಸಾಲವನ್ನು ಪೂರ್ತಿ ಮನ್ನಾ ಮಾಡಿತು. 1974ರ ತಿದ್ದುಪಡಿಯಲ್ಲಿ ಉಳುವವನು ಒಡೆಯನಾಗಲು ಭೂನ್ಯಾಯ ಮಂಡಳಿಗೆ 7ನೇ ನಮೂನೆಯ ಅರ್ಜಿ ಕೊಡಬೇಕಿತ್ತು. ಅದರ ಗಡುವು 1979ರ ಜೂನ್ 30ರವರೆಗೂ ಮುಂದೆ ಹೋಯಿತು. ಅರ್ಜಿಯಲ್ಲಿ ಸರ್ವೆ ನಂಬರು, ವಿಸ್ತೀರ್ಣ, ಗೇಣಿಯ ವಿವರ ತುಂಬಬೇಕು. ಲಾವಣಿಗೆ ಹಿಡಿದ ಎಷ್ಟೋ ರೈತರು ಅದನ್ನು ತುಂಬಿ ಹೊಲ ಪಡೆದರು. ಮೂರು ತಲೆಮಾರು ಅದೇ ಹೊಲದಲ್ಲಿ ಹರಗಿ, ಬಿತ್ತಿ, ರಾಶಿ ಮಾಡಿದ ಸಂಬಳದಾಳು ಗೇಣಿದಾರನಲ್ಲ. ಆ ನಮೂನೆ ಅವನಿಗೆ ಅನ್ವಯಿಸಲಿಲ್ಲ.